ಕೀರ್ತಿಯ ಕರಡಿಗೆ

ಡ್ರೆಸ್ಡೆನ್
12 ಫೆಬ್ರವರಿ 2003, ಬುಧವಾರ

ಕೀರ್ತಿಯ ಅಪ್ಪನವರಿಗೆ,

ಸೌಭಾಗ್ಯಳ ಶರಣು. ಮೊದಲು ಇಷ್ಟು ತಿಳಿಯಿರಿ: ಮಗಳು ನಿನ್ನೆ ಬಿದ್ದಳು, ಕೈ ಮುರಿದಿಲ್ಲ. ಇನ್ನು ಕುಳಿತುಕೊಂಡು ಓದಿರಿ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ನನ್ನ ಮಾತು ಮುಗಿಯುವ ಮೊದಲೇ ನೀವು ಫೋನ್ ಇಡುತ್ತೀರಿ, ಕಾಗದವಾದರೆ ಕೊನೆಯವರೆಗೆ ಓದುತ್ತೀರೆಂಬ ಆಸೆ.

ಈ ಭಾನುವಾರ ಹದಿನಾಲ್ಕರೊಳಗಿನ ಹುಡುಗಿಯರ ಫ್ರೀಸ್ಟೈಲ್ ಸ್ಕೀ ಸ್ಪರ್ಧೆಯಿದೆ. ಹಿಮದ ಉಬ್ಬುಗಳ ಮೇಲೆ ಮೊಣಕಾಲು ಕುಣಿಸುತ್ತ ಇಳಿಯಬೇಕು, ನಡುವೆ ಎರಡು ಸಲ ಗಾಳಿಗೆ ಜಿಗಿಯಬೇಕು. ನೀವು ಮಂಗನಾಟ ಎನ್ನುತ್ತೀರಲ್ಲ, ಅದೇ. ಮೊದಲ ಐವರಲ್ಲಿ ಬಂದರೆ ರಾಜ್ಯದ ತಂಡಕ್ಕೆ ಸೇರಿಸಿಕೊಳ್ಳುತ್ತಾರೆ. ಎರಡು ಚಳಿಗಾಲ ಈ ಒಂದು ದಿನಕ್ಕಾಗಿಯೇ ಅವಳು ದುಡಿದಿದ್ದಾಳೆ. ನಿನ್ನೆ ಬಿದ್ದದ್ದರಿಂದ ಕ್ಲಬ್ಬಿನವರು ತಂದೆತಾಯಿ ಇಬ್ಬರ ಸಹಿಯನ್ನೂ ಹೊಸದಾಗಿ ಕೇಳಿದ್ದಾರೆ. ಒಪ್ಪಿಗೆಯ ಫಾರ್ಮುಲಾರ್ ಇದರ ಜೊತೆಗಿದೆ. ನನ್ನ ಸಹಿ ಆಗಿದೆ.

ನಿಮ್ಮದನ್ನು ಕೇಳುವ ಮೊದಲು ಒಂದು ತಪ್ಪು ಒಪ್ಪಿಕೊಳ್ಳಬೇಕು. ನವೆಂಬರಿನಲ್ಲಿ ಡ್ಯೂಸೆಲ್ಡಾರ್ಫಿನ ಕೆಲಸಕ್ಕೆ ಹೊರಟು ನಿಂತಾಗ, ಲಿಂಗ ಮೈಮ್ಯಾಲಿಂದ ಇಳೀತಂದ್ರ ಅವತ್ತಿಗೇ ಆಟ ಬಂದ್ ಅಂತ ನೀವು ಅವಳಿಗೆ ಹೇಳಿದಿರಿ. ಅದೇ ವಾರ ತರಬೇತಿ ಕೊಡುವ ಫ್ರೌ ಲಿಂಡ್ನರ್, ಕೊರಳಲ್ಲಾಗಲಿ ಎದೆಯ ಮೇಲಾಗಲಿ ಗಟ್ಟಿ ವಸ್ತು ಇಟ್ಟುಕೊಂಡು ಜಿಗಿಯಕೂಡದು ಎಂದರು. ಲಿಂಗ ಮೈಮೇಲಿದೆಯೇ ಎಂದು ಕೇಳಿದ ನಿಮಗೆ ಫೋನಿನಲ್ಲಿ ಹೂಂ ಅಂದೆ, ಅವರಿಗೆ ಗುಡ್ಡದ ಮೇಲೆ ಯಾ ಅಂದೆ. ಅಂದಿನಿಂದ ಪ್ರತಿ ಸಲ ಇಳಿಯುವ ಮೊದಲು ಕೀರ್ತಿ ಶಿವದಾರದ ಸಮೇತ ಲಿಂಗದ ಬೆಳ್ಳಿ ಕರಡಿಗೆಯನ್ನು ನನ್ನ ಕೈಗೆ ಕೊಡುತ್ತಿದ್ದಳು. ಕೆಳಗೆ ನಾನು ಮುಷ್ಟಿ ಬಿಗಿದು ನಿಲ್ಲುತ್ತಿದ್ದೆ. ಮೂರು ತಿಂಗಳು ನಿಮಗೆ ಸುಳ್ಳು ಹೇಳಿದೆ.

ನಿನ್ನೆ ಎರಡನೆಯ ಜಿಗಿತದಲ್ಲಿ ಅವಳು ಬೋರಲು ಬಿದ್ದಳು. ಏಳಲಿಲ್ಲ. ನಾನು ಓಡಿದೆ. ಹತ್ತಿರ ಹೋಗಿ ಅವಳ ಮುಖದ ಹಿಮ ಒರೆಸುವಾಗ ನೋಡಿಕೊಂಡರೆ ನನ್ನ ಮುಷ್ಟಿ ಖಾಲಿಯಿತ್ತು.

ಮಂಡಿಯೂರಿ, ಬರಿಗೈಯಲ್ಲಿ ಹಿಮ ಕೆದರಿದೆ. ಅವಳ ಗೆಳತಿಯರೂ ಏನು ಹುಡುಕುತ್ತಿದ್ದೇವೆಂದು ತಿಳಿಯದೆಯೇ ಹುಡುಕಿದರು. ಸಿಗಲಿಲ್ಲ. ಅವಳ ಎಂಟನೆಯ ವರ್ಷದಲ್ಲಿ ಅಂಬವ್ವ ಅತ್ತೆ ಸ್ವಾಮಿಗಳನ್ನು ಕರೆಸಿ ಕಟ್ಟಿಸಿದ ಲಿಂಗ. ಇದ ಕಳಕೊಂಡ್ರ ಜೀವ ಕಳಕೊಂಡಂಗ ಅಂತ ಅತ್ತೆ ಹೇಳಿದ್ದು ರಾತ್ರಿಯಿಡೀ ಕಿವಿಯಲ್ಲೇ ಇತ್ತು. ಅವರಿಗೆ ಇನ್ನೂ ಹೇಳಿಲ್ಲ, ಹೇಳುವ ಧೈರ್ಯವೂ ಇಲ್ಲ.

ಆಸ್ಪತ್ರೆಯಲ್ಲಿ ಬಲಗೈಯ ಎಕ್ಸ್‌ರೇ ತೆಗೆದರು. ಎದೆ ನೋಯುತ್ತಿಲ್ಲವೆಂದು ಹಟ ಹಿಡಿದು ಅವಳು ಒಳಂಗಿ ಬಿಚ್ಚಗೊಡಲಿಲ್ಲ. ರೈಲಿನಲ್ಲಿ ನಾನು ಅಳುತ್ತಿದ್ದರೆ ಆಲೆಸ್ ಗುಟ್, ಎಲ್ಲಾ ಸರಿ ಐತಿ ಮಮ್ಮಿ ಎಂದು ಬೆನ್ನು ಸವರಿದಳು. ಲಿಂಗ ಹೋಗಿದೆ, ಈಕೆಗೆ ಚಿಂತೆಯೇ ಇಲ್ಲವಲ್ಲ ಎಂದು ನನಗೆ ಸಿಟ್ಟು ಬಂತು. ನಾಚಿಕೆ ಇಲ್ಲದಾಕಿ ಎಂದು ಬೈದೆ. ಆಕೆ ಕಿಟಕಿಯ ಕಡೆ ತಿರುಗಿ ಕುಳಿತಳು.

ಶಿಕ್ಷೆ ನನಗೆ ಕೊಡಿ. ಆದರೆ ಆ ಫಾರ್ಮುಲಾರಿಗೆ ಸಹಿ ಹಾಕಿ, ಶನಿವಾರದೊಳಗೆ ಮುಟ್ಟುವಂತೆ ಕಳಿಸಿರಿ. ಕಳೆದವಳು ನಾನು. ಅವಳ ಆಟ ನಿಲ್ಲಿಸಬೇಡಿ.

ಇಂತಿ,
ಸೌಭಾಗ್ಯ

ತಾ.ಕ.: ಲಕೋಟೆ ಅಂಟಿಸುವುದರೊಳಗೆ ಕೀರ್ತಿ ಕರೆದಳು. ಉಳುಕಿದ ಕೈ ಎತ್ತಲಾಗದೆ, ಒಳಂಗಿ ತೆಗೆಯಲು ನನ್ನ ನೆರವು ಬೇಕಾಗಿತ್ತು. ತೆಗೆದೆ. ಎದೆಯ ನಟ್ಟನಡುವೆ ಲಿಂಗದಷ್ಟೇ ಅಗಲದ ಗುಂಡು ಗುರುತು, ನೀಲಿಗಟ್ಟಿದೆ. ಒಳಂಗಿಯಲ್ಲಿ ನನ್ನದೇ ಸೂಜಿದಾರದಿಂದ ಹೊಲಿದ ಪುಟ್ಟ ಜೇಬು, ಅದರೊಳಗೆ ಲಿಂಗ. ಮೂರು ತಿಂಗಳೂ ನಾನು ಹಿಡಿದು ನಿಂತದ್ದು ಖಾಲಿ ಕರಡಿಗೆ. ಯಾಕ ಹಿಂಗ ಮಾಡಿದಿ ಎಂದು ಕೇಳಿದರೆ, ಪಪ್ಪಾಗ ಮಾತು ಕೊಟ್ಟಿದ್ನಲ್ಲ ಅಂದಳು. ಡಾಕ್ಟರಿಗೆ ತೋರಿಸಿಕೊಂಡು ಬಂದೆ. ಎದೆಗೂಡು ಗಟ್ಟಿಯಿದೆ, ಕೈಯ ಉಳುಕೂ ಎರಡು ದಿನದಲ್ಲಿ ಇಳಿಯುತ್ತದೆ, ಭಾನುವಾರ ಜಿಗಿಯಬಹುದು ಎಂದರು. ಲಿಂಗವನ್ನು ನನ್ನ ಕೈಯಾರೆ ಅವಳ ಮೈಮೇಲಿನಿಂದ ತೆಗೆದು ದೇವರ ಜಗಲಿಯ ಮೇಲೆ ಇಟ್ಟಿದ್ದೇನೆ. ನಿಮ್ಮ ಷರತ್ತನ್ನು ಅವಳು ಒಂದು ದಿನವೂ ಮುರಿದಿರಲಿಲ್ಲ. ಇವತ್ತು ನಾನು ಮುರಿದೆ.