ಮೂಡಲಪಾಳ್ಯದ ಅರವತ್ತಮೂರು ವೋಟು

ಮೂಡಲಪಾಳ್ಯ, ಬೆಂಗಳೂರು
೯ ನವೆಂಬರ್ ೨೦೨೫

ಪ್ರೀತಿಯ ಅಕ್ಕಯ್ಯಮ್ಮ ದೊಡ್ಡಮ್ಮನಿಗೆ,

ಕೀರ್ತನಾಳ ನಮಸ್ಕಾರ. ನೀನು ಮೂರು ಸಲ ಫೋನ್ ಮಾಡಿದೆ, ನಾನು ಬೇಕೆಂದೇ ಎತ್ತಲಿಲ್ಲ. ತಪ್ಪಾಯಿತು. ಮಾತಿನಲ್ಲಿ ನಾನು ಜಾರಿಕೊಳ್ಳುತ್ತೇನೆ, ಅದಕ್ಕೇ ಕಾಗದ. ಅಮ್ಮ ಈಗ ಕೋಲು ಬಿಟ್ಟು ಬೀದಿಯ ಕೊನೆಯವರೆಗೂ ನಡೆಯುತ್ತಾಳೆ. ಎಲ್ಲ ನಿನ್ನ ಆರೈಕೆಯ ಫಲ.

ಪಂಚಾಯಿತಿ ಉಪಚುನಾವಣೆಗೆ ನಾಮಪತ್ರ ಕೊಡಲು ಹೋದ ನಿನಗೆ, "ಪಟ್ಟೀಲಿ ನಿಮ್ ಹೆಸರೇ ಇಲ್ವಲ್ಲಮ್ಮ" ಎಂದು ಅಧಿಕಾರಿ ಕಾಗದ ಹಿಂದಿರುಗಿಸಿದರೆಂದು ಚಿಕ್ಕಗಂಗಮ್ಮನ ಮಗಳು ಕವನಾ ಹೇಳಿದಳು. ಅಷ್ಟು ಹೊತ್ತಿಗೆ ನೀನು ಹೊಸ ಸೀರೆ ಉಟ್ಟು, ಹನ್ನೆರಡು ಹೆಂಗಸರನ್ನು ಕರೆದುಕೊಂಡು ನಡೆದು ಹೋಗಿದ್ದೆಯಂತೆ.

ನಾನು ತಾಲ್ಲೂಕು ಕಚೇರಿಗೆ ಕೊಟ್ಟ ಅರ್ಜಿ ನಿನಗೆ ಗೊತ್ತೇ ಇದೆ. ಊರಿನ ನಮ್ಮ ವಾರ್ಡಿನಲ್ಲಿರುವುದು ನಾನೂರ ಹನ್ನೆರಡು ಜನ, ಒಂದು ಬೋರ್‌ವೆಲ್. ಚುನಾವಣೆ ಬಂದರೆ ಶಂಭುಲಿಂಗಪ್ಪ ಮೂಡಲಪಾಳ್ಯಕ್ಕೆ ಬಸ್ಸು ಕಳಿಸಿ, ಇಲ್ಲೇ ಮನೆ ಕಟ್ಟಿಕೊಂಡಿರುವ ನಮ್ಮೂರಿನವರನ್ನು ಕರೆಸಿ, ಬಾಡೂಟ ಹಾಕಿಸಿ ಗೆಲ್ಲುತ್ತಾನೆ. ಚರಂಡಿ ಮಾತ್ರ ಅವನ ಮನೆ ಮುಂದೆಯೇ. ವಾಸವಿಲ್ಲದವರ ಹೆಸರು ಮತದಾರರ ಪಟ್ಟಿಯಲ್ಲಿರಬಾರದೆಂದು ಪಂಚಾಯಿತಿ ಪುಸ್ತಿಕೆಯಲ್ಲಿ ಓದಿ, ಹುಡುಕಿ ಹುಡುಕಿ ಅರವತ್ತಮೂರು ಜನರ ಪಟ್ಟಿ ಮಾಡಿದೆ. ಅಷ್ಟೂ ಹೆಸರು ತೆಗೆದರು.

ನಿನ್ನೆ ದಿನಸಿ ಅಂಗಡಿ ಯಲ್ಲಪ್ಪಣ್ಣ ಹಿಡಿದುಕೊಂಡ. "ಏನಮ್ಮಾ, ನಮ್ಮೂರಿಂದ ನಮ್ಮನ್ನೇ ಎತ್ತಾಕ್ಸಿದ್ಯಂತೆ? ಎಲೆಕ್ಷನ್ನಿಗೊಂದ್ ಸಲ ಹೋಗಿ ಉಂಡ್ಕಂಡ್ ಬರ್ತಿದ್ವಿ, ಅದಕ್ಕೂ ಕಲ್ಲಾಕ್ದೆ!"

"ಅಣ್ಣ, ನೀವು ಕುಡಿಯೋದು ಕಾವೇರಿ ನೀರು. ಆ ಬೋರ್‌ವೆಲ್ ಒಣಗಿದ್ರೆ ನಿಮಗೇನು? ಅಲ್ಲಿ ಯಾರು ಗೆಲ್ಬೇಕು ಅಂತ ನೀವ್ಯಾಕೆ ಹೇಳ್ಬೇಕು?"

"ಪುಸ್ತಕ ಓದಿ ಓದಿ ನಾಲಿಗೆ ಚೂಪಾಗೈತೆ ಕಣಮ್ಮಿ. ನಿಮ್ಮಪ್ಪನ ಹೆಸ್ರು ಬಿಟ್ಟಿರ್ತೀಯ ಬಿಡು."

"ಮೊದಲು ಬರೆದಿದ್ದೇ ನಮ್ಮನೇದು," ಎಂದೆ. ಅವನು ಸಕ್ಕರೆ ಕಟ್ಟಿ ಮುಂದಿಟ್ಟ. ಈ ಮಾತು ಹೇಳುವಾಗ ನನಗೆ ಯಾವಾಗಲೂ ಹೆಮ್ಮೆಯಾಗುತ್ತಿತ್ತು. ನಿನ್ನೆ ಆಗಲಿಲ್ಲ.

ಶುಕ್ರವಾರ ತಾಲ್ಲೂಕು ಕಚೇರಿಗೆ ಹೋಗಿದ್ದೆ. ನಿನ್ನ ಹೆಸರು ಮತ್ತೆ ಸೇರಿಸಬಹುದಂತೆ. "ಅರ್ಜಿ ಹಾಕಿ ಮೇಡಂ. ಆದ್ರೆ ಏಳು ದಿನ ನೋಟಿಸ್ ಹಾಕ್ಲೇಬೇಕು," ಎಂದರು ಗುಮಾಸ್ತರು. ನಾಮಪತ್ರಕ್ಕೆ ನಾಡಿದ್ದೇ ಕೊನೆಯ ದಿನ. ನಿನ್ನ ವೋಟು ಮರಳಿ ಬರುತ್ತದೆ, ದೊಡ್ಡಮ್ಮ. ನೀನು ನಿಲ್ಲುವುದು ಮಾತ್ರ ಈ ಸಲ ಆಗುವುದಿಲ್ಲ. ಸಹಿ ಮಾಡಿಸಲು ನಾಳೆ ಮೊದಲ ಬಸ್ಸಿಗೆ ಯಾರನ್ನಾದರೂ ಕಳಿಸುತ್ತೇನೆ, ಈ ಕಾಗದವೂ ಅವರ ಕೈಯಲ್ಲೇ.

ಹನ್ನೆರಡು ಹೆಂಗಸರಲ್ಲಿ ಯಾರಾದರೂ ನಿಲ್ಲುವುದಾದರೆ ನಾಮಪತ್ರ ತುಂಬಿಕೊಡುತ್ತೇನೆ. ಬಿಸಿಲಿನಲ್ಲಿ ಓಡಾಡಬೇಡ. ನನ್ನನ್ನು ಹರಸುವುದು ಬಿಡುವುದು ನಿನಗೆ ಬಿಟ್ಟಿದ್ದು.

ನಿನ್ನ
ಕೀರ್ತನಾ

ತಾ.ಕ.: ನಿನ್ನ ಹೆಸರು ತೆಗೆಸಿದ್ದು ಶಂಭುಲಿಂಗಪ್ಪ ಎಂದು ಊರಿಗೆಲ್ಲ ಹೇಳಿದ್ದೀಯಂತೆ. ಅವನಲ್ಲ. ನನ್ನ ಪಟ್ಟಿಯಲ್ಲಿ ಮೊದಲು ಅಪ್ಪ, ಆಮೇಲೆ ಅಮ್ಮ, ನಾನು. ನಾಲ್ಕನೆಯದು ನೀನು. ಸೊಂಟ ಮುರಿದಿದ್ದ ಅಮ್ಮನನ್ನು ನೋಡಿಕೊಳ್ಳಲು ನೀನು ಏಳು ತಿಂಗಳು ನಮ್ಮ ಮನೆಯಲ್ಲಿದ್ದೆ. ಆರು ತಿಂಗಳು ಬೇರೆಡೆ ಇದ್ದವರು ಊರಿನ ನಿವಾಸಿಗಳಲ್ಲ ಎಂದುಕೊಂಡೆ. ಆರೈಕೆಗೆಂದು ಹೋದವರಿಗೆ ಅದು ಅನ್ವಯಿಸುವುದಿಲ್ಲವೆಂದು ಪುಸ್ತಿಕೆಯ ಮುಂದಿನ ಪುಟದಲ್ಲಿತ್ತು, ನಾನು ತಿರುಗಿಸಿರಲಿಲ್ಲ. ನೀನು ಒಳಗೆ ಅಮ್ಮನಿಗೆ ಗಂಜಿ ಕಾಯಿಸುತ್ತಿದ್ದಾಗ ನಾನು ಹಾಲ್‌ನಲ್ಲಿ ಕೂತು ನಿನ್ನ ಹೆಸರಿನ ಸಾಲು ಬರೆದೆ. ನೋಟಿಸನ್ನು ಊರಿನಲ್ಲಿ ಬೀಗ ಹಾಕಿದ್ದ ನಿನ್ನ ಬಾಗಿಲಿಗೆ ಅಂಟಿಸಿ ಹೋಗಿದ್ದರು.

ಮೇಲೆ 'ಯಾರನ್ನಾದರೂ ಕಳಿಸುತ್ತೇನೆ' ಎಂದು ಬರೆದಿದ್ದೇನೆ. ಬೇಡ, ನಾನೇ ಬರುತ್ತೇನೆ. ನನ್ನ ಕಾಗದಗಳನ್ನೆಲ್ಲ ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದುತ್ತೀಯಲ್ಲ, ಇದನ್ನೂ ಓದು. ಶಂಭುಲಿಂಗಪ್ಪನನ್ನೂ ಕರೆಸು.