ಗ್ಯಾರೇಜಿಗೆ ಒಂದೂವರೆ ಅಡಿ

ಮಾನ್ಯ ನಗರ ಯೋಜನಾಧಿಕಾರಿಗಳೇ,

ಪಕ್ಕದ ಮನೆಯ ಗಡಿಯಿಂದ ಮೂರು ಅಡಿ ಬಿಟ್ಟೇ ಕಟ್ಟಬೇಕೆಂಬ ನಿಯಮದಿಂದ ಒಂದೂವರೆ ಅಡಿ ವಿನಾಯಿತಿ ಕೊಡಿ, ಗ್ಯಾರೇಜನ್ನು ಅಷ್ಟು ಅಗಲ ಮಾಡಿಕೊಳ್ಳುತ್ತೇನೆ ಎಂದು ನಾನು ಅರ್ಜಿ ಹಾಕಿ ಹದಿನಾಲ್ಕು ತಿಂಗಳಾಯಿತು. ಹೋದ ವಾರ ತಮ್ಮ ಉತ್ತರ ಬಂತು: "ಸ್ಥಳಾವಕಾಶ ಸಾಕಷ್ಟಿದೆ. ಅರ್ಜಿ ತಿರಸ್ಕೃತ." ಇಷ್ಟು ಬರೆಯಲು ಹದಿನಾಲ್ಕು ತಿಂಗಳು ಬೇಕಾಯಿತೇ ಎಂದು ಕೇಳುವ ಧೈರ್ಯ ನನಗಿಲ್ಲ. ಸಾಕಷ್ಟು ಯಾರಿಗೆ ಎಂದಷ್ಟೇ ಕೇಳುತ್ತೇನೆ.

ಅಪ್ಪ ಈ ಗ್ಯಾರೇಜು ಕಟ್ಟಿಸಿದ್ದು ಸ್ಕೂಟರಿಗೆ. ಈಗ ಅದರೊಳಗೆ ಕಾರು ಹೋಗುತ್ತದೆ, ಆದರೆ ಕಾರಿನ ಬಾಗಿಲು ತೆರೆಯುವುದಿಲ್ಲ. ಆದ್ದರಿಂದ ನಮ್ಮ ಮನೆಯಲ್ಲೊಂದು ಪದ್ಧತಿ ಬೆಳೆದಿದೆ. ಎಲ್ಲರೂ ರಸ್ತೆಯಲ್ಲೇ ಇಳಿಯುತ್ತಾರೆ. ನಾನು ಕಾರು ಒಳಗೆ ನಿಲ್ಲಿಸಿ, ಸೀಟುಗಳ ಮೇಲೆ ತೆವಳಿ, ಡಿಕ್ಕಿಯಿಂದ ಹೊರಬರುತ್ತೇನೆ. ಐವತ್ತೆರಡರ ಬ್ಯಾಂಕ್ ಗುಮಾಸ್ತ ಹೀಗೆ ಹೊರಬೀಳುವುದನ್ನು ನೋಡಲು ಎದುರುಮನೆಯ ತಾತ ದಿನಾ ಸಂಜೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ. "ಏನಪ್ಪಾ, ಇವತ್ತು ಲೇಟು?" ಎಂದು ವಿಚಾರಿಸುವುದೂ ಉಂಟು.

ನನ್ನ ಮಾನ ಹೋಗಲಿ ಬಿಡಿ. ನಮ್ಮಮ್ಮನಿಗೆ ಮೊಣಕಾಲಿನ ಆಪರೇಷನ್ ಆಗಿದೆ. ಮುಂಬಾಗಿಲಿಗೆ ಏಳು ಮೆಟ್ಟಿಲು, ರಸ್ತೆಯಿಂದ ಗ್ಯಾರೇಜಿಗೆ ಕಡಿದಾದ ಇಳಿಜಾರು. ಎರಡೂ ಬೇಡವೆಂದಿದ್ದಾರೆ ಡಾಕ್ಟರು. ಕಾರಿನಲ್ಲಿ ಕೂತೇ ಒಳಗೆ ಬಂದು ಇಳಿಯುವಂತಾದರೆ ಅಡುಗೆಮನೆ ನಾಲ್ಕೇ ಹೆಜ್ಜೆ. ಈಗ ಅವರು ಒಂದೊಂದು ಮೆಟ್ಟಿಲಿಗೂ ನಿಂತು ಉಸಿರೆಳೆದುಕೊಳ್ಳುತ್ತಾರೆ. "ನಂಗೂ ಡಿಕ್ಕಿಯಿಂದ ಇಳಿಯೋದು ಕಲಿಸಿಬಿಡೋ, ಆಫೀಸಿನವ್ರಿಗ್ಯಾಕೆ ತೊಂದ್ರೆ" ಎನ್ನುತ್ತಾರೆ.

ಆ ಗಡಿಯಾಚೆಯ ಪಕ್ಕದ ಮನೆಯವರು ದರ್ಜಿ. ಅವರು ಒಪ್ಪಿಗೆಪತ್ರ ಬರೆದುಕೊಡುತ್ತಾ, "ಎರಡಡಿನೇ ಕೇಳಿ ಸಾರ್, ಅಳತೆ ಯಾವಾಗ್ಲೂ ಸ್ವಲ್ಪ ಲೂಸಾಗಿರ್ಬೇಕು" ಎಂದರು. ನಾನು ಕೇಳಲಿಲ್ಲ. ದುರಾಸೆ ಬೇಡವೆಂದುಕೊಂಡೆ.

ಹಾಗಾದರೆ ಅಡ್ಡಿಯಾದದ್ದೇನು? ತಮ್ಮ ಅಳತೆಗಾರರ ಕರ್ತವ್ಯನಿಷ್ಠೆ. ಅವರು ಸ್ಥಳ ಅಳೆಯಲು ಬಂದ ದಿನ, ಕಾರು ಹೊರಗೆ ತೆಗೆಯುತ್ತೇನೆ ಎಂದೆ. "ಬೇಡ ಸಾರ್, ಇದ್ದದ್ದು ಇದ್ದ ಹಾಗೇ ಅಳೀಬೇಕು" ಎನ್ನುತ್ತಾ ಅವರು ಟೇಪು ಹಿಡಿದು ಕಾರಿಗೂ ಗೋಡೆಗೂ ನಡುವೆ ಅಡ್ಡಡ್ಡ ನುಗ್ಗಿದರು. ಕನ್ನಡಿಯ ಹತ್ತಿರ ಹೊಟ್ಟೆ ಸಿಕ್ಕಿಕೊಂಡಿತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಅಮ್ಮ ಅಡುಗೆಮನೆಯ ಬಾಗಿಲಿನಿಂದ ಕೈ ಚಾಚಿ ಚಹಾ ಕೊಟ್ಟರು. ಸುಮ್ಮನೆ ನಿಲ್ಲುವುದೇಕೆಂದು ಅಳತೆಗಾರರು ಕಾರಿನ ಟಾಪಿನ ಮೇಲೆ ಕಾಗದವಿಟ್ಟು ವರದಿಯನ್ನೂ ಬರೆದು ಮುಗಿಸಿದರು. ಕೊನೆಗೆ ತಾತನ ಸಲಹೆಯಂತೆ ಗೋಡೆಗೆ ಅಡುಗೆ ಎಣ್ಣೆ ಸವರಿ ಅವರನ್ನು ಹೊರಕ್ಕೆಳೆದೆವು.

ಆ ವರದಿಯ ಪ್ರತಿ ಈಗ ನನ್ನ ಕೈಯಲ್ಲಿದೆ: "ವಾಹನ ಹಾಗೂ ಗೋಡೆಯ ನಡುವೆ ವಯಸ್ಕ ವ್ಯಕ್ತಿಯೊಬ್ಬರು ನಲವತ್ತು ನಿಮಿಷ ನಿಲ್ಲಬಹುದಾದಷ್ಟು ಸ್ಥಳಾವಕಾಶವಿದೆ, ಚಹಾ ಸೇವನೆಗೂ ಅಡ್ಡಿಯಿಲ್ಲ." ಒಂದಕ್ಷರವೂ ಸುಳ್ಳಲ್ಲ, ಸ್ವಾಮಿ. ಅದಕ್ಕೇ ನನಗೆ ಮೈ ಉರಿಯುತ್ತದೆ.

ನನ್ನ ಬೇಡಿಕೆ ಇಷ್ಟೇ. ಮರುಪರಿಶೀಲನೆಗೆ ತಾವೇ ಬನ್ನಿ. ಕಚೇರಿಯ ಬಾಗಿಲಿಗೇ ಕಾರು ತರುತ್ತೇನೆ, ಅಮ್ಮ ಕೂರುವ ಸೀಟಿನಲ್ಲೇ ತಮ್ಮನ್ನು ಕೂರಿಸಿ ಗ್ಯಾರೇಜಿಗೆ ಕರೆತರುತ್ತೇನೆ. ತಾವು ಬಾಗಿಲು ತೆರೆದು ಇಳಿದರೆ ಅರ್ಜಿ ವಾಪಸು. ಇಳಿಯಲಾಗದಿದ್ದರೆ ಗಾಬರಿ ಬೇಡ: ಕಡತವೂ ಪೆನ್ನೂ ಎದುರಿಗೇ ಇರುತ್ತವೆ. ತಾವು ಸಹಿ ಮಾಡಿದ ಮೇಲೆ ಡಿಕ್ಕಿ ತೆರೆಯುತ್ತೇನೆ.

ಇಂತಿ,
ದಿನಾ ಸಂಜೆ ಆರೂವರೆಗೆ, ಹಿಂಬದಿಯಿಂದ ಹೊರಬೀಳುವ
ತಮ್ಮ ಅರ್ಜಿದಾರ