ಶೂ ಅಡಿಯ ಸ್ಕ್ರೂಗಳು

ಮಾವ,

ರೇಸ್‌ಗೆ ಹೊರಟಿದ್ದೀನಿ. ಶೆನಾಂಡೋವಾ ಗುಡ್ಡದಲ್ಲಿ ಹಿಮದ ಮೇಲೆ ಐವತ್ತು ಕಿಲೋಮೀಟರ್ ಓಡಬೇಕು, ವಾಪಸ್ ಬರೋಷ್ಟರಲ್ಲಿ ಕತ್ತಲಾಗುತ್ತೆ. ನಿಮ್ಮ ಮಗ ಶರಣ ರಾಕ್‌ವಿಲ್‌ನಿಂದ ನೈಟ್ ಡ್ಯೂಟಿ ಮುಗಿಸಿ ಬಂದು ಮಲಗ್ತಾರೆ, ಎಬ್ಬಿಸಬೇಡಿ. ಎಣ್ಣೆಗಾಯಿ ಫ್ರಿಜ್‌ನಲ್ಲಿದೆ, ರೊಟ್ಟಿ ಡಬ್ಬಿಯಲ್ಲಿದೆ. ಹೀಟಿಂಗ್ ಕಡಿಮೆ ಮಾಡಬೇಡಿ, ಸ್ವೆಟರ್ ಮೇಲೆ ಸ್ವೆಟರ್ ಹಾಕ್ಕೊಂಡು ಕೂತ್ಕೋಬೇಡಿ.

ಈಗ ನನ್ನ ಶೂ ವಿಷಯ. ಅದರ ಅಡಿಯಲ್ಲಿದ್ದ ಸ್ಕ್ರೂಗಳು ದಾರಿಯಲ್ಲಿ ಚುಚ್ಚಿಕೊಂಡಿದ್ದಲ್ಲ. ಮಂಜುಗಡ್ಡೆ ಮೇಲೆ ಜಾರಬಾರದು ಅಂತ ನಾನೇ ಹಾಕಿದ್ದು. ನೀವು ಪಾಪ, ಸೊಸೆ ಕಾಲಿಗೆ ಚುಚ್ಚೀತು ಅಂತ ನಿನ್ನೆ ಒಂದೊಂದಾಗಿ ಬಿಚ್ಚಿ, ಬಟ್ಟಲಲ್ಲಿ ಹಾಕಿಟ್ಟು, ತೂತಿಗೆಲ್ಲ ಅಂಟು ತುಂಬಿದ್ದೀರಿ. ಬೆಳಿಗ್ಗೆ ಎದ್ದು ನೋಡಿದಾಗ ಅಳುವೇ ಬಂತು. ಒಂದು ಮಾತು ಕೇಳಬಹುದಿತ್ತು ಮಾವ. ಗರಾಜ್‌ನಲ್ಲಿ ಕೂತು ಎಲ್ಲಾ ಮತ್ತೆ ತಿರುಗಿಸಿ ಹಾಕಿದೆ, ಅದಕ್ಕೇ ಇವತ್ತು ನಿಮ್ಮ ಚಹಾ ಮಾಡಿಡೋಕೆ ಆಗಲಿಲ್ಲ.

ಮಂಜು ಕರಗಲಿ ಅಂತ ಮೆಟ್ಟಿಲ ಮೇಲೆ ಉಪ್ಪು ಹಾಕಿದ್ದೀನಿ. ಆದರೂ ವಾಕಿಂಗ್ ಬೇಡ, ಮೇಲ್‌ಬಾಕ್ಸ್ ತನಕಾನೂ ಬೇಡ. ನಿಮ್ಮ ಶೂಗೆ ಸ್ಕ್ರೂ ಇಲ್ಲ.

ಸಿಟ್ಟು ಮಾಡ್ಕೊಂಡು ಹೋದಳು ಅಂತ ಶರಣ ಎದ್ದ ಮೇಲೆ ಅವರಿಗೆ ಹೇಳಬೇಡಿ. ಹೋದ ವರ್ಷ ಅರ್ಧ ದಾರಿಯಲ್ಲೇ ಸ್ಕ್ರೂ ಉದುರಿ, ಜಾರಿ ಬಿದ್ದು, ರೇಸ್ ಬಿಟ್ಟು ಬಂದಿದ್ದೆ. ಈ ಸಲ ನಿಮ್ಮ ಅಂಟಿನಲ್ಲಿ ಕೂತಿವೆ ನೋಡಿ, ಇಕ್ಕಳ ಹಾಕಿ ಎಳೆದರೂ ಒಂದೂ ಅಲ್ಲಾಡ್ತಿಲ್ಲ. ಆ ಟ್ಯೂಬ್ ಎಸೆಯಬೇಡಿ, ಮುಂದಿನ ವರ್ಷಕ್ಕೂ ಬೇಕು. ಹಚ್ಚೋಕೆ ನೀವೂ ಬೇಕು.

ನೀಲಗಂಗಾ